ಬಸ್‌ಸ್ಟ್ಯಾಂಡಿನವರೆಗೆ ಮಾತ್ರ

ನಮ್ಮ ಬೀದಿಯ ಹನ್ನೊಂದು ಮಂದಿ ಗೌರವಸ್ಥರು ಸೇರಿ ಒಬ್ಬ ಸೈಕಲ್ ರಿಪೇರಿಯವನ ಕಾಲು ಕಟ್ಟಿದರು. ಇದು ನನ್ನ ಆರೋಪ. ಕಟ್ಟಲು ಬಳಸಿದ್ದು ಒಂದು ಹಾಳೆ ಕಾಗದ. ಆ ಹನ್ನೊಂದು ಮಂದಿಯಲ್ಲಿ ವಕೀಲರಿದ್ದರು, ಮೇಷ್ಟರಿದ್ದರು, ಜವಳಿ ಅಂಗಡಿಯ ಯಜಮಾನರಿದ್ದರು. ಕಾಗದದ ಒಕ್ಕಣೆ ಮಾತ್ರ ಮೈಸೂರಿನಲ್ಲಿ ಆನರ್ಸ್ ಮುಗಿಸಿ ಆಗತಾನೇ ಸಾಗರಕ್ಕೆ ಮರಳಿದ್ದ ಪದವೀಧರನೊಬ್ಬನದು. ಈ ಪ್ರಬಂಧವನ್ನು ಬರೆಯುತ್ತಿರುವವನೂ ಅವನೇ.

ಹಾಗೆಂದು ಕಟ್ಟಿಸಿಕೊಂಡವನು ಮುಗ್ಧನೆಂದು ಭಾವಿಸಬೇಡಿ. ಆತ ಶುದ್ಧ ಕಳ್ಳ! ಸೈಕಲ್ಲುಗಳನ್ನು ಮುಟ್ಟುತ್ತಿರಲಿಲ್ಲ, ಅವು ಓಡಬಹುದಾದ ಮೈಲಿಗಳನ್ನು ಕದಿಯುತ್ತಿದ್ದ.

ಬೀದಿಯ ತುದಿಯಲ್ಲಿ, ತಗಡಿನ ಮಾಡಿನ ಕೆಳಗೆ ಆತನ ಶಾಪಿತ್ತು. ಶಾಪು ಎಂಬುದು ಮರ್ಯಾದೆಯ ಮಾತು. ಅಲ್ಲಿದ್ದದ್ದು ಒಂದು ಪಂಪು, ಪಂಕ್ಚರ್ ನೋಡುವ ನೀರಿನ ಬಾಣಲೆ, ನಾಲ್ಕಾರು ಸ್ಪ್ಯಾನರು. ಊರು ಆತನನ್ನು ಟ್ರಯಲಣ್ಣ ಎನ್ನುತ್ತಿತ್ತು. ರಿಪೇರಿಯಾದ ಸೈಕಲ್ಲನ್ನು ಒಮ್ಮೆ ಓಡಿಸಿ ನೋಡಿಯೇ ಕೊಡುವುದು ಎಲ್ಲ ಶಾಪಿನವರ ಪದ್ಧತಿ. ಬೀದಿಯ ಆ ತುದಿಗೆ ಹೋಗಿ ಈ ತುದಿಗೆ ಬಂದರೆ ಉಳಿದವರ ಟ್ರಯಲ್ ಮುಗಿಯಿತು. ನಮ್ಮ ಟ್ರಯಲಣ್ಣನದು ಹೊಸನಗರದಲ್ಲಿ ಮುಗಿಯುತ್ತಿತ್ತು. ಕೆಲವೊಮ್ಮೆ ತೀರ್ಥಹಳ್ಳಿಯಲ್ಲಿ.

ಇದಕ್ಕೆ ಆತನದೇ ಒಂದು ಶಾಸ್ತ್ರವಿತ್ತು. ಒಂದೊಂದು ದೋಷಕ್ಕೆ ಒಂದೊಂದು ರಸ್ತೆ. ಟಯರಿಗೆ ಕೆಳದಿ ಸಾಕು. ಬ್ರೇಕಿಗೆ ಹೊಸನಗರದ ದಾರಿಯ ಇಳಿಜಾರು. ಚೈನಿಗೆ ಬ್ಯಾಕೋಡಿನ ದಾರಿಯ ಏರು. ಆ ಏರನ್ನು ಆತ ‘ಚೈನಿನ ಏರು’ ಎಂದೇ ಕರೆಯುತ್ತಿದ್ದ. ಸೀಟಿಗಾದರೆ ತೀರ್ಥಹಳ್ಳಿಯೇ ಆಗಬೇಕು, ಏಕೆಂದರೆ ಮೂವತ್ತು ಮೈಲಿ ದಾಟುವವರೆಗೆ ಯಾವ ಸೀಟೂ ನಿಜ ಹೇಳುವುದಿಲ್ಲವಂತೆ. ಬೆಲ್ಲಿಗೆ? ಬೆಲ್ಲಿಗೆ ಕಾಡು ಬೇಕು. ಪೇಟೆಯ ಗಲಾಟೆಯಲ್ಲಿ ಅದರ ಸ್ವರ ಕೇಳಿಸುವುದೆಲ್ಲಿ? ವಿಶ್ವವಿದ್ಯಾನಿಲಯದಲ್ಲಿ ತರ್ಕಶಾಸ್ತ್ರ ಓದಿದ್ದ ನನಗೂ ಈ ವಾದದಲ್ಲಿ ಬಿರುಕು ಕಾಣಲಿಲ್ಲ.

ಮೇಷ್ಟರು ಬ್ರೇಕ್ ಬಿಗಿ ಮಾಡಿಸಲು ಸೋಮವಾರ ಬಿಟ್ಟ ಸೈಕಲ್ಲಿಗಾಗಿ ಬುಧವಾರ ಸಂಜೆಯವರೆಗೆ ಕಾದರು. ಅದು ಬಂದದ್ದು ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು, ಹ್ಯಾಂಡಲ್ಲಿಗೊಂದು ಗೊಂಚಲು ಕಾಡುಹೂ ಸಿಕ್ಕಿಸಿಕೊಂಡು, ಮದುವೆಯ ದಿಬ್ಬಣದಿಂದ ಮರಳಿದಂತೆ. ಮೇಷ್ಟರು ಎಗರಾಡಿದರು. ಆತ ನಿಧಾನವಾಗಿ ಕೈ ಒರೆಸಿಕೊಂಡು ಹೇಳಿದ:

“ಮೇಷ್ಟ್ರೇ, ನಿಮ್ ಸೈಕಲ್ಲು ನಿನ್ನೆ ಮಂಗಟ್ಟೆ ಹಕ್ಕಿ ನೋಡ್ತು. ಜೋಡಿ.”

ಆತ ವರದಿ ಒಪ್ಪಿಸುವ ಕ್ರಮವೇ ಅದು. ತಾನು ನೋಡಿದೆನೆಂದು ಒಮ್ಮೆಯೂ ಹೇಳಿದವನಲ್ಲ, ನೋಡಿದ್ದೆಲ್ಲ ಸೈಕಲ್ಲು. ಜವಳಿ ಅಂಗಡಿಯವರ ಸೈಕಲ್ಲು ಕಾಡುಕೋಣ ನೋಡಿತ್ತು. ಆಸ್ಪತ್ರೆಯ ಕಾಂಪೌಂಡರರ ಸೈಕಲ್ಲು ತುಂಗೆಯಲ್ಲಿ ಮೀನು ನೆಗೆಯುವುದನ್ನು ನೋಡಿತ್ತು. ಒಟ್ಟಿನಲ್ಲಿ ನಮ್ಮ ಬೀದಿಯ ಸೈಕಲ್ಲುಗಳು ತಮ್ಮ ಯಜಮಾನರಿಗಿಂತ ಹೆಚ್ಚಿನ ಲೋಕಾನುಭವ ಪಡೆದಿದ್ದವು! ನನ್ನದೊಂದು ಮಾತ್ರ ಅಜ್ಞಾನಿ. ಅಪ್ಪ ಕೊಡಿಸಿದ್ದ ಅದನ್ನು ಮೈಸೂರಿಗೆ ಹೋಗುವಾಗ ಜಗಲಿಯ ಮೂಲೆಗೆ ಒರಗಿಸಿದ್ದೆ. ಮರಳಿದ ಮೇಲೂ ತೆಗೆದಿರಲಿಲ್ಲ.

ಅನರ್ಥಕ್ಕೆ ಮೂಲವಾದದ್ದು ವಕೀಲರ ಸೈಕಲ್ಲಿನ ಸೀಟು. ಸೀಟೆಂದ ಮೇಲೆ ತೀರ್ಥಹಳ್ಳಿ. ಅಲ್ಲಿ ಟ್ರಯಲಣ್ಣ ಸೈಕಲ್ಲನ್ನು ಯಾರದೋ ಬೇಲಿಗೆ ಒರಗಿಸಿ, ಹೊಳೆಗಿಳಿದು, ಕುತ್ತಿಗೆಯವರೆಗೆ ನೀರಿನಲ್ಲಿ ಕೂತ. ಚೈನ್ ಕವರಿನ ಮೇಲೆ ವಕೀಲರ ಹೆಸರು ದಪ್ಪ ಅಕ್ಷರದಲ್ಲಿತ್ತು. ಬೇಲಿ, ವಕೀಲರು ನಡೆಸುತ್ತಿದ್ದ ಮೊಕದ್ದಮೆಯ ಎದುರು ಪಕ್ಷದವನದು. ಆ ದಾರಿಯಲ್ಲಿ ಬಂದ ಅವರ ಕಕ್ಷಿದಾರ ಹೆಸರನ್ನು ಓದಿದ, ಬೇಲಿಯನ್ನು ನೋಡಿದ, ಮುಂದಿನ ವಾಯಿದೆಗೆ ಬೇರೆ ವಕೀಲರನ್ನು ಹಿಡಿದ.

ಬೀದಿಯ ಹಿತರಕ್ಷಣಾ ಸಮಿತಿ ಸಭೆ ಸೇರಿತು. ಶಾಪಿದ್ದ ಜಾಗ ಸಮಿತಿಯದು. ನಾನು ಅದರ ಹೊಚ್ಚ ಹೊಸ ಕಾರ್ಯದರ್ಶಿ. ಮುಚ್ಚಳಿಕೆ ಬರೆದೆ: ‘ರಿಪೇರಿಗೆ ಬಂದ ಯಾವುದೇ ಸೈಕಲ್ಲನ್ನು ಬಸ್‌ಸ್ಟ್ಯಾಂಡಿನಿಂದ ಆಚೆಗೆ ಓಡಿಸತಕ್ಕದ್ದಲ್ಲ. ತಪ್ಪಿದಲ್ಲಿ ಶಾಪನ್ನು ತೆರವು ಮಾಡತಕ್ಕದ್ದು.’ ಹನ್ನೊಂದು ಮಂದಿಯೂ ಸಹಿ ಹಾಕಿದೆವು. ಒಕ್ಕಣೆ ಅಚ್ಚುಕಟ್ಟಾಗಿದೆಯೆಂದು ವಕೀಲರು ಬೆನ್ನು ತಟ್ಟಿದರು. ನಾನು ಉಬ್ಬಿದೆ. ಅಂದು ಉಬ್ಬಿದ್ದನ್ನು ನೆನೆದರೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

ಆತ ಎರಡು ಸಲ ಓದಿಸಿ ಕೇಳಿ ಸಹಿ ಹಾಕಿದ. ಅದುವರೆಗೆ ನನ್ನನ್ನು ‘ತಮ್ಮಾ’ ಎನ್ನುತ್ತಿದ್ದವನು ಪೆನ್ನು ಹಿಂದಕ್ಕೆ ಕೊಡುವಾಗ “ತಗಳಿ ಸಾರ್” ಎಂದ.

ಅದೇ ವರ್ಷ ಶರಾವತಿಯ ಅಣೆಕಟ್ಟಿನ ಹಿಂದೆ ನೀರು ಏರತೊಡಗಿತ್ತು. ಬ್ಯಾಕೋಡಿನ ದಾರಿ ಇನ್ನೇನು ಮುಳುಗುತ್ತದೆಂದು ಸುದ್ದಿ. ಆತ ಸಮಿತಿಯ ಮುಂದೆ ಬಂದು ನಿಂತ. ಒಂದೇ ಒಂದು ಸಲ ಚೈನಿನ ಏರನ್ನು ಹತ್ತಿ ಬರುತ್ತೇನೆ, ಶಾಪಿಗೆ ಬಂದಿರುವ ಯಾವುದಾದರೂ ಸೈಕಲ್ಲಿಗೆ ಅಪ್ಪಣೆ ಕೊಡಿ ಎಂದು ಕೇಳಿಕೊಂಡ. ಬಸ್ಸಿಗೆ ಹೋಗಬಾರದೇ ಎಂದರು ಜವಳಿ ಅಂಗಡಿಯವರು. ಬಸ್ಸಿನಲ್ಲಿ ಮುಂದೆ ಕೂತವರ ತಲೆ ಮಾತ್ರ ಕಾಣುತ್ತದೆ ಎಂದ. ಸಭೆ ನಕ್ಕಿತು. ನಾನು ‘ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂದು ಬರೆದುಕೊಟ್ಟೆ. ಸಾಲದ್ದಕ್ಕೆ, “ನಿನ್ನ ಸ್ವಂತದ್ದರಲ್ಲಿ ಹೋಗು, ಬೇಡ ಅಂದವರು ಯಾರು?” ಎಂದೂ ಸೇರಿಸಿದೆ. ಆತ ತಲೆಯಾಡಿಸಿ ಹೊರಟುಹೋದ.

ದಾರಿ ಮುಳುಗಿದ ಸುದ್ದಿ ಬಂದ ದಿನ ಊಟಕ್ಕೆ ಕೂತಾಗ ನನ್ನ ಆ ಜಾಣ ಉತ್ತರವನ್ನು ಅಮ್ಮನಿಗೆ ಹೇಳಿ ನಕ್ಕೆ. ಅಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಿದಳು.

“ಅವನಿಗೆ ಸ್ವಂತ ಸೈಕಲ್ ಎಲ್ಲಿದ್ಯೋ?”

ಇರಲಿಲ್ಲ. ಊರಿನ ಸೈಕಲ್ಲುಗಳನ್ನೆಲ್ಲ ಓಡುವಂತೆ ಮಾಡಿದವನಿಗೆ ಒಂದು ಸೈಕಲ್ಲಿರಲಿಲ್ಲ. ದಿನವೂ ಅದೇ ಶಾಪಿನ ಮುಂದೆ ಓಡಾಡಿದ ಹನ್ನೊಂದು ಮಂದಿ ವಿದ್ಯಾವಂತರಿಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ನಾನು ಮೈಸೂರಿನಲ್ಲಿ ಓದಿದ್ದಾದರೂ ಏನನ್ನು?

ಮರುದಿನ ಜಗಲಿಯ ಮೂಲೆಯಿಂದ ನನ್ನ ಸೈಕಲ್ಲನ್ನು ತೆಗೆದು ಶಾಪಿಗೆ ಒಯ್ದೆ. ಸೀಟು ಸರಿಯಿಲ್ಲವೆಂದು ಸುಳ್ಳು ಹೇಳಿದೆ. ಆತ ಸೀಟನ್ನು ಒತ್ತಿ ನೋಡಿದ, ನನ್ನ ಮುಖ ನೋಡಿದ, ಸುಮ್ಮನೆ ಎರಡು ನಟ್ಟು ಬಿಗಿದು ಹತ್ತಿಕೊಂಡು ಹೋದ. ಹೋದಷ್ಟೇ ಬೇಗ ತಿರುಗಿ ಬಂದ.

“ತೀರ್ಥಹಳ್ಳಿಗೆ ಹೋಗಿ ಬನ್ನಿ ಅಣ್ಣಾ,” ಎಂದೆ. “ನನ್ನದೇ ಸೈಕಲ್ಲು. ನಾನೇ ಹೇಳ್ತಿದೀನಿ.”

“ಬರ್ಕೊಟ್ಟಿದೀನಲ್ಲ ಸಾರ್. ಅಕ್ಷರ ನಿಮ್ದೇ.”

ಆಮೇಲೆ, ಪದ್ಧತಿ ತಪ್ಪಬಾರದೆಂದೋ ಏನೋ, ಕೈ ಒರೆಸಿಕೊಳ್ಳುತ್ತ ವರದಿ ಒಪ್ಪಿಸಿದ:

“ನಿಮ್ ಸೈಕಲ್ಲು ಬಸ್‌ಸ್ಟ್ಯಾಂಡ್ ನೋಡ್ತು.”

ನಾನು ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದು ಅದೇ ಮೂಲೆಗೆ ಒರಗಿಸಿದೆ. ಇದು ನಿಮ್ಮದೇ ಆಗಲಿ ಎಂಬ ಒಂದು ಮಾತು ನನಗೆ ಅಂದು ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಆತ ತೀರಿಕೊಂಡು ಮೂರು ದಿನಗಳಾಗಿದ್ದವು. ಬರೆದುಕೊಟ್ಟ ಮಾತನ್ನು ಆತ ಕೊನೆಯವರೆಗೆ ಮುರಿಯಲಿಲ್ಲ. ಬಸ್‌ಸ್ಟ್ಯಾಂಡಿನ ಆಚೆಗೆ ಯಾರ ಸೈಕಲ್ಲೂ ಮತ್ತೆ ಏನನ್ನೂ ನೋಡಲಿಲ್ಲ.

ಮುಚ್ಚಳಿಕೆ ಈಗಲೂ ಸಮಿತಿಯ ಪೆಟ್ಟಿಗೆಯಲ್ಲಿದೆ. ಯಾರೂ ರದ್ದು ಮಾಡಿಲ್ಲವಾದ್ದರಿಂದ ತೀರಿಹೋದವನ ಮೇಲೆ ಅದು ಇಂದಿಗೂ ಜಾರಿಯಲ್ಲಿದೆ. ಆದಕಾರಣ ಉಳಿದ ಹತ್ತು ಮಂದಿ ಸಹಿದಾರರಲ್ಲಿ ವಿಧ್ಯುಕ್ತವಾಗಿ ಕೋರುವುದೇನೆಂದರೆ, ಒಂದು ಜೋಡಿ ಮಂಗಟ್ಟೆ ಹಕ್ಕಿಯನ್ನು ನೋಡಿದ್ದರಿಂದ ತಮ್ಮ ಸೈಕಲ್ಲಿಗೆ ಆದ ನಷ್ಟವೇನೆಂಬುದನ್ನು ಪ್ರತಿಯೊಬ್ಬರೂ ಲಿಖಿತವಾಗಿ ತಿಳಿಸಬೇಕು. ಬಹಿರಂಗ ಸಭೆ ಕರೆದು ಆ ಕಾಗದವನ್ನು ರದ್ದುಪಡಿಸಬೇಕು. ಹೊಡೆದುಹಾಕುವ ಸಹಿಗಳಲ್ಲಿ ಮೊದಲನೆಯದು ನನ್ನದಾಗಿರಬೇಕು. ಸಭೆಗೆ ಎಲ್ಲರೂ ತಮ್ಮ ತಮ್ಮ ಸೈಕಲ್ಲುಗಳ ಸಮೇತ ಹಾಜರಾಗತಕ್ಕದ್ದು. ನನ್ನದು ಅಂದು ಬೆಳಿಗ್ಗೆಯಿಂದಲೇ ಆ ತಗಡಿನ ಮಾಡಿನ ಕೆಳಗೆ ನಿಂತಿರುತ್ತದೆ. ಅದರ ಸೀಟಿನ ಟ್ರಯಲ್ ಇನ್ನೂ ಬಾಕಿಯಿದೆ.