ಚುಕ್ಕೆಗಳ ನಡುವೆ ಇಪ್ಪತ್ತೊಂದು

ಕನ್ನಡಕದ ಅಂಗಡಿಯಲ್ಲಿ ಕುಳಿತವನು ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಣ್ಣು ಮಂಜಾದವರೆಲ್ಲ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬರುತ್ತಾರೆ. ಉಡುಪಿಯ ನನ್ನ ಅಂಗಡಿಯಲ್ಲಿ ಇನ್ನೊಂದು ವಿಶೇಷ ಉಂಟು. ಕನ್ನಡಕಗಳ ಮೇಲಿನ ಕಪಾಟಿನಲ್ಲಿ ನನ್ನ ಸ್ವಂತ ವಾಯುಪಡೆ ನಿಂತಿದೆ. ಅಂಗೈಯಗಲದ ಲೋಹದ ಯುದ್ಧವಿಮಾನಗಳು, ಒಟ್ಟು ನಲವತ್ತು. ಮೂವತ್ತೇಳು ಎಂದು ಹೆಂಡತಿ ಹೇಳುತ್ತಾಳೆ. ಅವಳು ಎಣಿಸಿದ್ದಾಳೆ, ನಾನು ಎಣಿಸಿಲ್ಲ, ಅಷ್ಟೇ ವ್ಯತ್ಯಾಸ.

ಮೆಣಸಿನ ಗಿಡ

ಹದಿನೆಂಟನೇ ವಯಸ್ಸಿನಲ್ಲಿ ನನಗೆ ಒಂದೇ ಆಸೆ ಇತ್ತು: ಮಿಗ್ ಇಪ್ಪತ್ತೊಂದು ಎಂಬ ಯುದ್ಧವಿಮಾನದ ಹತ್ತಿರ ನಿಲ್ಲಬೇಕು. ಹಾರಿಸುವುದು ಬೇಡ. ಅದರ ಚಕ್ರಕ್ಕೆ ಗಾಳಿ ಹಾಕುವ ಕೆಲಸ ಕೊಟ್ಟಿದ್ದರೂ ಸಾಕಿತ್ತು. ವಾಯುಪಡೆಯ ಭರ್ತಿಗೆ ಹೋದೆ. ಓಟದಲ್ಲಿ ಪಾಸು, ಲೆಕ್ಕದಲ್ಲಿ ಪಾಸು. ಕೊನೆಗೆ ವೈದ್ಯರು ಬಣ್ಣದ ಚುಕ್ಕೆಗಳ ಒಂದು ಪುಸ್ತಕ ತೆರೆದು, ಚುಕ್ಕೆಗಳ ನಡುವೆ ಯಾವ ಸಂಖ್ಯೆ ಕಾಣುತ್ತದೆ ಎಂದು ಕೇಳಿದರು.

"ಇಪ್ಪತ್ತೊಂದು, ಸರ್."

"ಸರಿಯಾಗಿ ನೋಡು."

ಸರಿಯಾಗಿ ನೋಡಿದೆ. ಮಿಗ್‌ನ ಸಂಖ್ಯೆಯೇ ಎದುರು ಬಂದು ನಿಂತಿದೆ, ಇದಕ್ಕಿಂತ ಒಳ್ಳೆಯ ಶಕುನ ಬೇಕಾ? "ಇಪ್ಪತ್ತೊಂದೇ, ಸರ್!" ಎಂದು ಇನ್ನೂ ಜೋರಾಗಿ ಹೇಳಿದೆ.

ಅಲ್ಲಿ ಇದ್ದದ್ದು ಎಪ್ಪತ್ತನಾಲ್ಕು. ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯದ ಕಣ್ಣಿಗೆ ಮಾತ್ರ ಅದು ಇಪ್ಪತ್ತೊಂದಾಗಿ ಕಾಣುತ್ತದಂತೆ. ಮನೆಗೆ ಬಂದು ಮುಖ ಸಣ್ಣ ಮಾಡಿಕೊಂಡು ವಿಷಯ ಹೇಳಿದೆ. ಅಮ್ಮ ಒಲೆಯಿಂದ ತಲೆ ಎತ್ತಲಿಲ್ಲ.

"ಇದನ್ನು ತಿಳಿಯಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಮಗ? ಹಸಿಮೆಣಸು ಕೊಯ್ದು ತಾ ಎಂದರೆ ನೀನು ಹಣ್ಣುಮೆಣಸು ತರುವಾಗಲೇ ನನಗೆ ಗೊತ್ತಿತ್ತು."

ಮಲ್ಪೆಯ ಅಕ್ಕ

ವಾಯುಪಡೆ ಬೇಡವೆಂದ ಕಣ್ಣನ್ನು ಇಟ್ಟುಕೊಂಡು ನಾನು ಊರಿನವರ ಕಣ್ಣು ಪರೀಕ್ಷಿಸುವ ವಿದ್ಯೆ ಕಲಿತೆ. ಗೋಡೆಯ ಮೇಲೆ ಅಕ್ಷರದ ಹಲಗೆ ಉಂಟು. ಆದರೆ ನನಗೆ ಬೇಸರ ಬಂದ ದಿನ, ಮೇಲಿನ ಕಪಾಟಿನ ಮಿಗ್‌ನ ಬಾಲದಲ್ಲಿರುವ ಸಂಖ್ಯೆಯನ್ನು ಓದಿ ಎನ್ನುತ್ತೇನೆ. ಗಿರಾಕಿಗಳು ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ನನ್ನ ವಿಮಾನವನ್ನು ಐದು ನಿಮಿಷ ಗಮನವಿಟ್ಟು ನೋಡುತ್ತಾರೆ. ಮನೆಯಲ್ಲಂತೂ ಅದನ್ನು ಯಾರೂ ನೋಡುವುದಿಲ್ಲ.

ಒಮ್ಮೆ ಮಲ್ಪೆ ಬಂದರಿನಲ್ಲಿ ಮೀನು ಮಾರುವ ಅಕ್ಕ ಬಂದರು. ದೂರದ್ದು ಮಂಜಾಗಿ ಕಾಣುತ್ತದೆ ಎಂದರು. ನಾನು ಮಿಗ್ ತೋರಿಸಿದೆ.

"ಅದರ ಬಾಲದಲ್ಲಿ ಎಂತ ಬರೆದಿದೆ ಅಕ್ಕ?"

"ನನಗೆ ಓದಲಿಕ್ಕೆ ಬರುವುದಿಲ್ಲ. ಒಳ್ಳೆ ಚಪ್ಪಟೆ ತೊರಕೆ ಮೀನಿನ ಹಾಗೆ ಅಗಲಕ್ಕೆ ಉಂಟಲ್ಲ ರೆಕ್ಕೆ! ಆದರೆ ಅದಕ್ಕೆ ಒಂದು ಚಕ್ರ ಇಲ್ಲ."

ನಾನು ನಕ್ಕೆ. ಅದು ನನ್ನ ಪ್ರಾಣ. ದಿನಾ ಬೆಳಿಗ್ಗೆ ಬ್ರಶ್ಶಿನಿಂದ ಧೂಳು ಹೊಡೆಯುವವ ನಾನು. ಸ್ಟೂಲು ಹತ್ತಿ ಕೆಳಗಿಳಿಸಿ ನೋಡಿದರೆ ಬಲಬದಿಯ ಚಕ್ರ ಇರಲೇ ಇಲ್ಲ! ಯಾವಾಗ ಬಿದ್ದಿತೋ, ಯಾವ ಪೊರಕೆಯ ಜೊತೆ ಹೋಯಿತೋ.

ಅಕ್ಕ ಸೆರಗು ಸರಿ ಮಾಡಿಕೊಂಡು ಎದ್ದರು. "ಕನ್ನಡಕ ಯಾರಿಗೆ ಬೇಕಾದದ್ದು ಮಾರಾಯ, ನನಗಾ ನಿನಗಾ?"

ಮಣಿಪಾಲದ ಅಪರೂಪ

ಚಕ್ರ ಅಂಟಿಸುವಾಗ ರೆಕ್ಕೆಯ ಮೇಲಿನ ಗುರುತು ಕೆರೆದುಹೋಯಿತು. ನಮ್ಮ ವಾಯುಪಡೆಯ ಗುರುತು ಗೊತ್ತಲ್ಲ, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದನ್ನು ಹೊಸದಾಗಿ ಬರೆದೆ. ಬಣ್ಣ ತೋರಿಸಿಕೊಡಲು ಹೆಂಡತಿಯನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಗಂಡಸಿಗೆ ಒಂದು ಮರ್ಯಾದೆ ಅಂತ ಉಂಟಲ್ಲ.

ಅದನ್ನು ಹಿಡಿದುಕೊಂಡು ಮಣಿಪಾಲದಲ್ಲಿ ನಡೆದ ಮಾದರಿ ವಿಮಾನ ಸಂಗ್ರಹಕಾರರ ಕೂಟಕ್ಕೆ ಹೋದೆ. ಒಬ್ಬ ಕಾಲೇಜು ಹುಡುಗಿ ಬಗ್ಗಿ ನೋಡಿ ಕೇಳಿದಳು, "ಅಂಕಲ್, ಹಸಿರು ಹೊರಗೆ, ಕೇಸರಿ ಒಳಗೆ. ಇದು ಯಾವ ದೇಶದ್ದು?"

ಬೇರೆಯವರಾದರೆ ತಪ್ಪಾಯಿತು ಎನ್ನುತ್ತಿದ್ದರು. ನನ್ನ ನಾಲಿಗೆಗೆ ಆ ಅಭ್ಯಾಸ ಇಲ್ಲ. "ನಮ್ಮದೇ ಮಗಳೇ. ಕಾರ್ಖಾನೆಯಲ್ಲಿ ಬಣ್ಣ ತಿರುವುಮುರುವಾದ ಪೀಸು. ಪ್ರಪಂಚದಲ್ಲಿ ಇರುವುದು ಎರಡೇ" ಎಂದೆ.

ಕೂಟದವರೆಲ್ಲ ಸುತ್ತ ಸೇರಿದರು. ಒಬ್ಬರು ಕೈಗೆ ಕರವಸ್ತ್ರ ಸುತ್ತಿಕೊಂಡು ಅದನ್ನು ಎತ್ತಿದರು. ಇನ್ನೊಬ್ಬರು ಫೋಟೋ ತೆಗೆದರು. ಕೊನೆಗೆ ಒಬ್ಬ ಹಿರಿಯರು ನನ್ನನ್ನು ಮೂಲೆಗೆ ಕರೆದು ಭುಜದ ಮೇಲೆ ಕೈ ಇಟ್ಟು, ಗಂಭೀರವಾಗಿ ಪಿಸುಗುಟ್ಟಿದರು: "ಎರಡನೆಯದು ನನ್ನ ಬಳಿ ಉಂಟು."

ಕಾಪುವಿಗೆ ಬಂದದ್ದು

ಮಿಗ್ ಇಪ್ಪತ್ತೊಂದಕ್ಕೆ ನಿವೃತ್ತಿ ಎಂಬ ಸುದ್ದಿ ಬಂದ ದಿನ ನನಗೆ ಊಟ ರುಚಿಸಲಿಲ್ಲ. ನಿಜವಾದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಅದರ ಸದ್ದು ಕೇಳಿದ್ದೂ ಮೊಬೈಲಿನಲ್ಲೇ. ದುಃಖವಾದಾಗ ಕೆಲವರು ಭಜನೆಗೆ ಹೋಗುತ್ತಾರೆ. ನಾನು ಪಕ್ಕದ ಸೆಲೂನಿಗೆ ಹೋಗಿ ಒಂದು ಸುಳ್ಳು ಹೇಳಿದೆ.

"ಬರುವ ಭಾನುವಾರ ಸಂಜೆ ಐದಕ್ಕೆ ಕೊನೆಯ ಮಿಗ್ ಕಾಪು ಲೈಟ್‌ಹೌಸಿಗೆ ಒಂದು ಸುತ್ತು ಹಾಕಿ ಹೋಗುತ್ತದಂತೆ."

ಸೆಲೂನಿನವನ ಕತ್ತರಿ ನಿಂತಿತು. "ಕಾಪುವಿಗೆ ಯಾಕೆ?"

"ಪೈಲಟ್‌ನ ಹೆಂಡತಿಯ ಮನೆ ಅಲ್ಲಿ."

ಶುಕ್ರವಾರದ ಹೊತ್ತಿಗೆ ಆ ಸುಳ್ಳು ಊರು ಸುತ್ತಿ, ಮೈಕೈ ತುಂಬಿಕೊಂಡು ನನ್ನ ಅಂಗಡಿಗೇ ಬಂತು. ಎರಡು ಮಿಗ್ ಅಂತೆ, ಹೂ ಉದುರಿಸುತ್ತದಂತೆ. ರಿಕ್ಷಾದವರೊಬ್ಬರು ವಿಮಾನ ಹೊರಡುವ ಸಮಯವನ್ನೂ ಹೇಳಿದರು. ಭಾನುವಾರ ಮೂರು ಗಂಟೆಗೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಪುವಿನ ಬಸ್ಸು ಹತ್ತಿದೆ.

ಲೈಟ್‌ಹೌಸಿನ ಬಂಡೆಯ ಕೆಳಗೆ ಸುಮಾರು ಜನ ಸೇರಿದ್ದರು. ಸೆಲೂನಿನವ ಹೆಂಡತಿ ಮಕ್ಕಳ ಸಮೇತ ಬಂದಿದ್ದ. ಐದಾಯಿತು, ಐದೂವರೆ ಆಯಿತು. ಕೊನೆಗೆ ಸಮುದ್ರದ ಕಡೆಯಿಂದ ಒಂದು ಗರುಡ ಬಂದು, ನಿಧಾನಕ್ಕೆ ಲೈಟ್‌ಹೌಸಿಗೆ ಒಂದು ಸುತ್ತು ಹಾಕಿ ಹೋಯಿತು. ಅಜ್ಜಿಯೊಬ್ಬರು, "ಬಂತಲ್ಲ, ಸಾಕು" ಎಂದು ಕೈ ಮುಗಿದು ಮನೆಗೆ ಹೊರಟರು.

ಸೆಲೂನಿನವ ನನ್ನ ಹತ್ತಿರ ಬಂದ. "ನಿಜ ಹೇಳು. ನೀನು ಹೇಳಿದ್ದು ಸುಳ್ಳಲ್ವಾ?"

"ಸುಳ್ಳೇ."

"ಮತ್ತೆ ನೀನು ಎಂತಕ್ಕೆ ಬಂದದ್ದು?"

ನನ್ನ ಕಣ್ಣು ಇನ್ನೂ ಆಕಾಶದಲ್ಲೇ ಇತ್ತು. "ಒಂದು ವೇಳೆ ಬಂದರೆ?"

ಅಂದಿನಿಂದ ಅವನು ನನ್ನ ಬಳಿ ಮಾತು ಬಿಟ್ಟ.

ಕಾರ್ಕಳದವರು

ಮೊನ್ನೆ ಕಾರ್ಕಳದ ಹಿರಿಯರೊಬ್ಬರು ಸೆಲೂನಿನಲ್ಲಿ ಕ್ಷೌರ ಮುಗಿಸಿ, ಓದುವ ಕನ್ನಡಕ ಬೇಕೆಂದು ನನ್ನಲ್ಲಿಗೆ ಬಂದರು. ಅವರು ಮರೆತ ಕೊಡೆ ಹಿಡಿದುಕೊಂಡು ಹಿಂದೆಯೇ ಸೆಲೂನಿನವನೂ ಬಂದ. ಮಾತಿಲ್ಲವಲ್ಲ, ಬಾಗಿಲಲ್ಲೇ ನಿಂತ.

ಹಿರಿಯರು ಕಪಾಟು ನೋಡಿದರು. "ಓಹೋ, ಮಿಗ್! ನಾನು ವಾಯುಪಡೆಯಲ್ಲೇ ಇದ್ದವ."

ನನ್ನ ಕೈಯಲ್ಲಿದ್ದ ಲೆನ್ಸು ಟೇಬಲ್ಲಿಗೆ ಬಿತ್ತು. "ಮಿಗ್ ನೋಡಿದ್ದೀರಾ?"

"ದಿನಾ. ಸಮವಸ್ತ್ರದ ಉಗ್ರಾಣದಲ್ಲಿ ನನ್ನ ಕೆಲಸ. ಕಿಟಕಿಯ ಎದುರೇ ರನ್‌ವೇ. ಆಮೇಲಾಮೇಲೆ ನೋಡುವುದನ್ನೇ ಬಿಟ್ಟೆ. ಸದ್ದಿಗೆ ಚಹಾ ಚೆಲ್ಲುತ್ತಿತ್ತು ಮಾರಾಯ್ರೆ, ಅದೇ ಒಂದು ಕಿರಿಕಿರಿ."

ಚಹಾ ಚೆಲ್ಲುತ್ತಿತ್ತಂತೆ! ಆ ಕಿಟಕಿಯಲ್ಲಿ ಕುಳಿತು ಜೀವಮಾನವಿಡೀ ಚಹಾ ಚೆಲ್ಲಿಕೊಳ್ಳಲು ನಾನು ತಯಾರಿದ್ದೆ. ಹೊಟ್ಟೆ ಉರಿದು, ಇವರ ಕಣ್ಣು ಎಷ್ಟು ಸರಿ ನೋಡೋಣ ಎಂದು ನನ್ನ ಡ್ರಾಯರಿನಿಂದ ಅಂಥದ್ದೇ ಚುಕ್ಕೆಗಳ ಪುಸ್ತಕ ತೆಗೆದು ಟೇಬಲ್ಲಿನ ಮೇಲೆ ಇಟ್ಟೆ.

"ಎಪ್ಪತ್ತನಾಲ್ಕು" ಎಂದರು ಹಿರಿಯರು.

ನಾನಿನ್ನೂ ಪುಸ್ತಕ ತೆರೆದಿರಲಿಲ್ಲ.

ನಾನು ಅವರನ್ನು ನೋಡಿದೆ. ಅವರು ಪುಸ್ತಕವನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. "ಅಭ್ಯಾಸ ಮಾರಾಯ್ರೆ. ಭರ್ತಿಯ ದಿನ ನನ್ನ ಮುಂದೆ ಇದ್ದವನು ಹೊರಗೆ ಬಂದಾಗ ಕೇಳಿ ಬಾಯಿಪಾಠ ಮಾಡಿದ್ದು. ಉಗ್ರಾಣದಲ್ಲಿ ತೊಂದರೆ ಆಗಲಿಲ್ಲ. ಬಟ್ಟೆ ಎಲ್ಲ ನೀಲಿ, ನೀಲಿ ನನಗೆ ಕಾಣುತ್ತದೆ. ಅದಿರಲಿ, ಓದುವ ಕನ್ನಡಕಕ್ಕೆ ಈ ಪುಸ್ತಕ ಯಾಕೆ?"

"ನಾನೂ ಭರ್ತಿಗೆ ಹೋಗಿದ್ದೆ. ನನಗೆ ಅಲ್ಲಿ ಇಪ್ಪತ್ತೊಂದು ಕಂಡಿತು."

"ನನಗೂ ಇಪ್ಪತ್ತೊಂದೇ ಕಂಡದ್ದು."

"ನಾನು ಇಪ್ಪತ್ತೊಂದು ಎಂದೇ ಹೇಳಿದೆ."

ಹಿರಿಯರ ನಗು ನಿಂತಿತು. ಅವರು ನನ್ನ ಕೈ ಹಿಡಿದುಕೊಂಡು, ಸಾವಿನ ಮನೆಯಲ್ಲಿ ಮಾತಾಡಿಸುವ ಹಾಗೆ ಮೆಲ್ಲಗೆ ಕೇಳಿದರು:

"ಎಂತ ಮಾರಾಯ್ರೆ, ಒಂದು ಸುಳ್ಳು ಹೇಳಲಿಕ್ಕೆ ಬರಲಿಲ್ಲವಾ ನಿಮಗೆ?"

ಬಾಗಿಲಲ್ಲಿ ಸೆಲೂನಿನವನ ಕೈಯಿಂದ ಕೊಡೆ ಬಿತ್ತು. ಅವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕೊನೆಗೆ ಕಣ್ಣು ಒರೆಸಿಕೊಂಡು, ಕಾಪುವಿನ ನಂತರ ಮೊದಲ ಬಾರಿಗೆ ನನ್ನ ಜೊತೆ ಮಾತಾಡಿದ:

"ಕಲಿತದ್ದು ಸ್ವಲ್ಪ ತಡವಾಯ್ತಲ್ಲ ಮಾರಾಯ."