ರಂಗಂಪೇಟೆಯ ಮೊದಲ ಮುದ್ರಣ

ಮಹಾನ್ ನಾಯಕರ ಭಾಷಣಗಳ ಮೊದಲ ಮುದ್ರಣಗಳನ್ನು ಸಂಗ್ರಹಿಸಲು ಸುರಪುರದಲ್ಲಿ ಒಂದು ಸಮಿತಿ ರಚನೆಯಾಗಿದೆ. ಸಮಿತಿಗೆ ಹನ್ನೊಂದು ಮಂದಿ ಸದಸ್ಯರು, ಒಂದು ಗಾಜಿನ ಕಪಾಟು ಮತ್ತು ಮೂರು ರಬ್ಬರ್ ಸೀಲು ಮಂಜೂರಾಗಿವೆ.

ಮೊದಲು ಬಂದವರು ರಂಗಂಪೇಟೆಯ ಶರೀಫಾಬೀ. ಸ್ವಾತಂತ್ರ್ಯದ ಹೊಸತರಲ್ಲಿ ದೊಡ್ಡ ನಾಯಕರೊಬ್ಬರು ಊರಿಗೆ ಬಂದು ಮಾಡಿದ ಭಾಷಣವನ್ನು ಇವರ ತಂದೆ, ಕಾಲಿನಿಂದ ತುಳಿಯುವ ತಮ್ಮ ಅಚ್ಚಿನ ಯಂತ್ರದಲ್ಲಿ, ಎಂಟು ಪುಟದ ಪುಸ್ತಿಕೆಯಾಗಿ ಮುದ್ರಿಸಿದ್ದರು. ಉಳಿದದ್ದು ಅದೊಂದೇ ಪ್ರತಿ. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಮುದ್ರಕ: ಯೂನುಸ' ಎಂದಿತ್ತು.

"ರೊಕ್ಕ ಬ್ಯಾಡ್ರಿ. ಕಪಾಟಿನ ಚೀಟಿ ಮ್ಯಾಲ ನಮ್ಮ ಅಬ್ಬಾನ ಹೆಸರು ಬರದ್ರ ಸಾಕು."

"ಬರಿಯೂಣ್ರಿ ಅವ್ವ, ನಿಯಮದಾಗ ಐತಿ," ಎಂದ ಗುಮಾಸ್ತ ಅಮಾತೆಪ್ಪ. ಪುಸ್ತಿಕೆ ಅಸಲಿಯೆಂದು ದೃಢೀಕರಿಸಲು ಮೂರೂ ಸೀಲುಗಳನ್ನು ಕೊನೆಯ ಪುಟದ ಕೆಳಗೆ ಒತ್ತಿದ.

"ಹೆಸರಿನ ಮ್ಯಾಲೇ ಒತ್ತಿದ್ಯಲ್ಲೋ!"

"ಅದು ಸೀಲಿನ ಜಾಗಾರಿ. ನಿಮ್ಮ ಅಬ್ಬಾನೇ ಹೆಸರು ಒಂದೀಟು ಮ್ಯಾಲ ಹಾಕಬೇಕಿತ್ತು."

ಮುದ್ರಕರ ಹೆಸರು ಓದಲು ಬಾರದ ಪ್ರತಿಯನ್ನು ಏಳನೆಯ ನಿಯಮದಂತೆ ಅಸಲಿ ಎನ್ನುವಂತಿಲ್ಲ. ಪುಸ್ತಿಕೆ ತಿರಸ್ಕೃತವಾಯಿತು. ಅರ್ಜಿಗೆ ಲಗತ್ತಿಸಿದ್ದ ಜೆರಾಕ್ಸಿನಲ್ಲಿ ಮಾತ್ರ ಎಲ್ಲ ಅಕ್ಷರವೂ ಸ್ಪಷ್ಟವಾಗಿತ್ತು, ಕಾಗದವೂ ಹರಿದಿರಲಿಲ್ಲ. ಸಮಿತಿ ಚಹಾ ಕುಡಿದು ಅದನ್ನೇ ಅವಿರೋಧವಾಗಿ ಮೊದಲ ಮುದ್ರಣವೆಂದು ಅಂಗೀಕರಿಸಿ ಕಪಾಟಿನಲ್ಲಿಟ್ಟಿತು. ಚೀಟಿ ಹೀಗಿತ್ತು: 'ಮುದ್ರಕ: ಫಿರೋಜ್, ಜೆರಾಕ್ಸ್ ಅಂಗಡಿ, ಬಸ್ ನಿಲ್ದಾಣದ ಎದುರು.'

"ಹಾಳಿಯೊಳಗ ಯೂನುಸ ಅಂತ ಐತಲ್ಲೋ!"

"ಅದನ್ನೂ ಫಿರೋಜನೇ ಮುದ್ರಿಸ್ಯಾನ್ರಿ. ಸರಕಾರಿ ಚೀಟಿಯಾಗ ಸುಳ್ಳು ಬರಿಯಾಕ ಬರೂದಿಲ್ಲ."

ಶರೀಫಾಬೀ ಮೂರು ದಿನ ಕಪಾಟಿನ ಮುಂದಿನಿಂದ ಏಳಲಿಲ್ಲ. ನಾಲ್ಕನೆಯ ದಿನ, ಮೊದಲ ಮುದ್ರಕನೆಂದು ಸಮಿತಿ ಹೊದಿಸಿದ್ದ ಶಾಲನ್ನು ಕಂಕುಳಲ್ಲಿ ಮಡಚಿಟ್ಟುಕೊಂಡು ಫಿರೋಜನೇ ಬಂದ. "ಅಮಾತೆಪ್ಪ, ನನ್ನ ಹೆಸರು ತಗಿಯಪ್ಪ. ಶರೀಫಾ ಖಾಲಾನ ಮಾರಿ ನೋಡಾಕ ಆಗವಲ್ದು."

ಅಮಾತೆಪ್ಪ ನಿಯಮಾವಳಿಯನ್ನು ತಿರುವಿ ಹಾಕಿದ. "ಮುದ್ರಕನ್ನ ಬದಲಿ ಮಾಡಾಕ ಬರೂದಿಲ್ಲ. ಮುದ್ರಕನ ಹೆಸರು ಬದಲಿ ಮಾಡಾಕ ಬರ್ತದ. ನೋಟರಿ ಅಫಿಡವಿಟ್ಟು, ಯಾದಗಿರಿ ಪೇಪರಿನಾಗ ಜಾಹೀರಾತು, ಎರಡು ಫೋಟೊ."

ಫಿರೋಜ್ ಮೂರನ್ನೂ ತಂದುಕೊಟ್ಟ. ಚೀಟಿ ತಿದ್ದಲಾಯಿತು: 'ಮುದ್ರಕ: ಯೂನುಸ, ಜೆರಾಕ್ಸ್ ಅಂಗಡಿ, ಬಸ್ ನಿಲ್ದಾಣದ ಎದುರು.' ಶರೀಫಾಬೀ ಅದರ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಕಣ್ಣೊರೆಸಿಕೊಂಡು ಮನೆಗೆ ಹೋದರು.

ಮೊನ್ನೆ ಅವರು ಪಿಂಚಣಿ ಕಾಗದ ಹಿಡಿದು ಜೆರಾಕ್ಸ್ ಅಂಗಡಿಗೆ ಬಂದರು. ತಲೆಯ ಮೇಲೆ ಸೆರಗೆಳೆದುಕೊಂಡು, "ಅಬ್ಬಾ, ಎರಡು ಕಾಪಿ," ಎಂದರು.

"ಕುಂದ್ರು ಬೇಟಿ, ಮಷೀನು ಬಿಸಿ ಆಗ್ಲಿ," ಎಂದರು ನಲವತ್ತು ವರ್ಷದ ಯೂನುಸ ಸಾಹೇಬರು. ಸರದಿಯಲ್ಲಿ ನಿಂತವರು ಎಂಬತ್ತರ ಮಗಳಿಗೆ ಸ್ಟೂಲು ಬಿಟ್ಟುಕೊಟ್ಟರು.