ನನ್ನ ಹೆಂಡತಿಯ ಬಂದೂಕಿನ ಹ್ಯಾಂಡ್‌ಗಾರ್ಡ್

ನನಗೆ ಏನೇನೂ ಗೊತ್ತಿಲ್ಲದ ವಿಷಯದಲ್ಲಿ ಯಾರಾದರೂ ಸಲಹೆ ಕೇಳಿದರೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಗೊತ್ತಿರುವ ವಿಷಯದಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ, ಅದೇ ಕಾರಣವಿರಬೇಕು. ನೈರೋಬಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಪ್ಲಾಸ್ಟಿಕ್ ಬಕೆಟ್, ಕೊಡ, ಜೆರಿಕ್ಯಾನ್ ಮಾಡಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬನಾದರೂ ನನ್ನನ್ನು ತಡೆದು ನಿಲ್ಲಿಸಿ, "ಸಾರ್, ಬಕೆಟ್ ತಗೊಳ್ಳೋದಾದ್ರೆ ಯಾವುದು ತಗೊಳ್ಳಲಿ?" ಎಂದಿಲ್ಲ. ಅಷ್ಟೇಕೆ, ನಮ್ಮ ಮನೆಯ ಬಚ್ಚಲಲ್ಲಿರುವುದೇ ಎದುರಾಳಿ ಕಂಪನಿಯ ಬಕೆಟ್. ನನ್ನ ಹೆಂಡತಿ ತಂದದ್ದು. ಕೇಳಿದರೆ, "ಬಣ್ಣ ಚೆನ್ನಾಗಿತ್ತು ಕಣ್ರೀ" ಎನ್ನುತ್ತಾಳೆ. ಹೀಗಿರುವಾಗ ಅದೇ ಹೆಂಡತಿ ಒಂದು ದಿನ ಬೆಳಿಗ್ಗೆ ದೋಸೆ ಮಗುಚುತ್ತಾ, "ರೀ, ನನ್ನ ಶಾಟ್‌ಗನ್ನಿಗೆ ಒಂದು ಹ್ಯಾಂಡ್‌ಗಾರ್ಡ್ ಬೇಕಾಗಿದೆ, ನೀವೇ ನೋಡಿ ತರ್ತೀರಾ? ಹೇಗೂ ಎಂಜಿನಿಯರ್ರು" ಎಂದರೆ ನನ್ನ ಸ್ಥಿತಿ ಏನಾಗಬೇಡ!

ಗಾಬರಿಯಾಗಬೇಡಿ. ನಮ್ಮದು ಬೆಳ್ಳುಳ್ಳಿ ತಿನ್ನುವುದಕ್ಕೂ ಹಿಂದೆ ಮುಂದೆ ನೋಡುವ ಮನೆತನ. ನಾನಂತೂ ಕುಕ್ಕರ್ ಮೂರನೇ ಸೀಟಿ ಹಾಕಿದರೆ ಪೇಪರ್ ಕೆಳಗೆ ಬೀಳಿಸುವ ಜಾತಿ. ಆದರೆ ನನ್ನ ಹೆಂಡತಿ ವಸುಧಾ ಹಲ್ಲಿನ ಡಾಕ್ಟರು. ಇಲ್ಲಿನ ಪಂಗಾನಿ ಬಡಾವಣೆಯಲ್ಲಿ ಅವಳದೊಂದು ಕ್ಲಿನಿಕ್ಕಿದೆ. ನಾಲ್ಕು ವರ್ಷದ ಹಿಂದೆ ಹತ್ತಿರದ ಮುಥೈಗಾದ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು, ಎನ್ಜೇರಿ ಅಂತ, ದವಡೆ ಹಲ್ಲು ಕೀಳಿಸಿಕೊಳ್ಳಲು ಬಂದವರು, ಹಲ್ಲು ಹೋದ ಮೇಲೆ ಹೇಳಿದರಂತೆ: "ಡಾಕ್ಟರ್, ಇಷ್ಟು ಅಲುಗಾಡದ ಕೈ ನಾನು ನೋಡೇ ಇಲ್ಲ. ನಮ್ಮ ಶೂಟಿಂಗ್ ಕ್ಲಬ್ಬಿಗೆ ಬನ್ನಿ." ಇವಳು ಹೋದಳು. ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಕಬ್ಬಿಣದ ತಟ್ಟೆಗಳನ್ನು ನಿಲ್ಲಿಸಿರುತ್ತಾರೆ. ಒಂದೊಂದನ್ನೇ ಹೊಡೆದು ಬೀಳಿಸುತ್ತಾ ಓಡಬೇಕು, ಪಕ್ಕದಲ್ಲೊಬ್ಬರು ಗಡಿಯಾರ ಹಿಡಿದಿರುತ್ತಾರೆ. ಇಷ್ಟೇ ಆಟ. ವಸುಧಾಗೆ ಇದರ ಹುಚ್ಚು ಹಿಡಿಯಿತು.

ಲೈಸೆನ್ಸಿಗೆ ಅರ್ಜಿ ಹಾಕಿದಾಗ ಒಬ್ಬ ಆಫೀಸರ್ ಮನೆಗೆ ಬಂದು ನನ್ನನ್ನೂ ವಿಚಾರಿಸಿದರು. "ನಿಮ್ಮ ಪತ್ನಿಗೆ ಸಿಟ್ಟು ಬರುತ್ತದೆಯೇ?" ಎಂದು ಕೇಳಿದರು. ಪತ್ನಿ ಟೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಇಲ್ಲವೇ ಇಲ್ಲ, ಮದುವೆಯಾದಾಗಿನಿಂದ ಒಂದು ಸಲವೂ ಬಂದಿಲ್ಲ" ಎಂದೆ. ಆಫೀಸರ್ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬರೆದುಕೊಂಡು, ಟೀ ಕುಡಿದು ಹೋದರು.

ಮೊದಲ ಎರಡು ವರ್ಷ ಭಾನುವಾರ ಬೆಳಿಗ್ಗೆ ಅವಳ ಜೊತೆ ನಾನೂ ಹೋಗುತ್ತಿದ್ದೆ. ಕಿವಿಗೆ ಮುಚ್ಚಳ ಹಾಕಿಕೊಂಡು ದೂರದಲ್ಲಿ ಕುರ್ಚಿ ಹಾಕಿ ಕೂತು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಅವಳು ಕೆಳತುಟಿ ಕಚ್ಚಿಕೊಂಡು, ಕೂದಲು ಟೋಪಿಯೊಳಗೆ ತುರುಕಿಕೊಂಡು ಓಡುವುದನ್ನು ನೋಡಿದರೆ ನನಗೆ ಬಹಳ ಇಷ್ಟವಾಗುತ್ತಿತ್ತು. ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು, ಒಂದು ಯುಗಾದಿಗೆ ನಮ್ಮ ಕನ್ನಡದವರು ಹತ್ತು ಹನ್ನೆರಡು ಮಂದಿ ಊಟಕ್ಕೆ ಬಂದಿದ್ದಾಗ, ಯಾರೋ ಇವಳ ಶೂಟಿಂಗ್ ಬಗ್ಗೆ ಕೇಳಿದ್ದಕ್ಕೆ, "ಅಯ್ಯೋ, ತಟ್ಟೆಗಳೆಲ್ಲ ಹಾಗೇ ಇವೆ, ಹಿಂದಿನ ಗುಡ್ಡ ಮಾತ್ರ ಸವೆದುಹೋಗಿದೆ" ಎಂದುಬಿಟ್ಟೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ನನಗೆ ಇನ್ನೊಂದು ಹೋಳಿಗೆಯನ್ನೂ ಬಡಿಸಿದಳು. ಮುಂದಿನ ಭಾನುವಾರ ನಾನು ಏಳುವಷ್ಟರಲ್ಲಿ ಕಾರು ಹೋಗಿತ್ತು. ಅದರ ಮುಂದಿನ ಭಾನುವಾರವೂ ಹೋಗಿತ್ತು. ಜಗಳವಿಲ್ಲ, ಮಾತಿಲ್ಲ, ಸುಮ್ಮನೆ ನನ್ನನ್ನು ಬಿಟ್ಟು ಹೋಗುವುದು ರೂಢಿಯಾಯಿತು. ಎರಡು ವರ್ಷ ಹೀಗೇ ಕಳೆಯಿತು. ಕೇಳಿ ಕರೆಸಿಕೊಳ್ಳಲು ನನಗೆ ಬಿಗುಮಾನ. ಆದ್ದರಿಂದ ಹ್ಯಾಂಡ್‌ಗಾರ್ಡ್ ಎಂಬ ಶಬ್ದ ಕಿವಿಗೆ ಬಿದ್ದಾಗ, ಇದೊಂದನ್ನು ಸರಿಯಾಗಿ ತಂದುಕೊಟ್ಟರೆ ಮತ್ತೆ ಕಾರಿನಲ್ಲಿ ಜಾಗ ಸಿಕ್ಕೀತು ಎಂದು ನನಗನ್ನಿಸಿತು. ಮೂರು ವಾರದಲ್ಲಿ ಕ್ಲಬ್ಬಿನ ದೊಡ್ಡ ಪಂದ್ಯವೂ ಇತ್ತು.

ಹ್ಯಾಂಡ್‌ಗಾರ್ಡ್ ಎಂದರೆ ದೊಡ್ಡ ರಹಸ್ಯವೇನಲ್ಲ. ಬಂದೂಕಿನ ನಳಿಗೆಯ ಕೆಳಗೆ ಎಡಗೈಯಿಂದ ಹಿಡಿದುಕೊಳ್ಳುವ ಜಾಗದ ಕವಚ. ವಸುಧಾಳದು ಸೆಮಿ ಆಟೋಮ್ಯಾಟಿಕ್, ಒಂದು ತೋಟಾ ಹಾರಿದ ಕೂಡಲೇ ಮುಂದಿನದು ತಾನಾಗಿ ಬಂದು ಕೂರುತ್ತದೆ. ಬೇಗ ಬೇಗ ಹೊಡೆದರೆ ನಳಿಗೆ ಬಿಸಿಯಾಗುತ್ತದೆ. ಕಂಪನಿಯವರು ಕೊಟ್ಟಿದ್ದ ಕವಚ ಗಿಡ್ಡ, ಮೇಲಾಗಿ ನುಣುಪು. ಬೆವರಿದ ಕೈ ಜಾರಿ ಬಿಸಿ ನಳಿಗೆಗೆ ತಾಗುತ್ತಿತ್ತು. ಅದನ್ನು ತೆಗೆದು ಬೇರೆಯವರು ಮಾಡಿದ್ದನ್ನು ಹಾಕಿಕೊಳ್ಳಬಹುದು. ಮರದ್ದು ಸಿಗುತ್ತದೆ, ಅಲ್ಯೂಮಿನಿಯಮ್ಮಿನದು ಸಿಗುತ್ತದೆ, ಪ್ಲಾಸ್ಟಿಕ್ಕಿನದೂ ಸಿಗುತ್ತದೆ. ನಾನು ಒಂದು ವಾರ ಇದರ ಅಧ್ಯಯನ ಮಾಡಿದೆ. ತೂಕ, ಉದ್ದ, ಗಾಳಿಕಿಂಡಿ, ಶಾಖ, ಬಾಳಿಕೆ ಎಂದು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೊಟ್ಟೆ. ಮಗಳು ಬೆನ್ನ ಹಿಂದೆ ನಿಂತು ನೋಡಿ, "ಅಪ್ಪಾ, ಇಟ್ಸ್ ಜಸ್ಟ್ ಎ ಹ್ಯಾಂಡಲ್" ಎಂದಳು. ಕನ್ನಡ ಪೂರಾ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿನಗೇನು ಗೊತ್ತು, ಹೋಗಿ ಓದಿಕೋ ಎಂದೆ.

ಅಂಗಡಿ ಊರ ನಡುವಿನ ಪೇಟೆ ಸಿಬಿಡಿಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಕಬ್ಬಿಣದ ಬಾಗಿಲು, ಆಮೇಲೆ ಇನ್ನೊಂದು ಕಬ್ಬಿಣದ ಬಾಗಿಲು. ಒಳಗೆ ಒಡುವೋರ್ ಎಂಬ ಅಂಗಡಿಯವನು. ಬಲು ಸಮಾಧಾನದ ಮನುಷ್ಯ. ಅವನ ಮುಂದೆ ಆಗಲೇ ಇಬ್ಬರು ಗಿರಾಕಿಗಳು ಕೂತಿದ್ದರು. ಇಬ್ಬರೂ ಆರಡಿ ಮೇಲಿನ ಆಳುಗಳು, ಬಿಸಿಲಲ್ಲಿ ಸುಟ್ಟ ಮುಖ, ಮಂಡಿವರೆಗಿನ ಬೂಟು. ನಾನು ಕಾರ್ಖಾನೆಯ ಗುರುತಿನ ಚೀಟಿ ಕೊರಳಿಗೆ ತೂಗಿಸಿಕೊಂಡು ಒಳಗೆ ಹೋಗಿ, ವಸುಧಾ ಬರೆದುಕೊಟ್ಟಿದ್ದ ಬಂದೂಕಿನ ಮಾಡೆಲ್ ಹೆಸರಿನ ಚೀಟಿ ತೋರಿಸಿದೆ. ಬೂಟಿನವರಲ್ಲೊಬ್ಬ ಅದನ್ನು ನೋಡಿ ಹುಬ್ಬು ಹಾರಿಸಿ, "ಒಳ್ಳೆಯ ಗನ್. ನಿಮ್ಮದೇ?" ಎಂದ.

ಇಲ್ಲಿ ನಾನು "ನನ್ನ ಹೆಂಡತಿಯದು" ಎನ್ನಬೇಕಿತ್ತು. ಎರಡು ಶಬ್ದ, ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಆ ಬೂಟುಗಳ ಮುಂದೆ ಬಾಯಿ ಬರಲಿಲ್ಲ. "ಹೌದು, ಎಷ್ಟೋ ವರ್ಷದಿಂದ" ಎಂದುಬಿಟ್ಟೆ. ಎಷ್ಟೋ ವರ್ಷದಿಂದ ಎಂದು ಸೇರಿಸುವ ಅಗತ್ಯವೇ ಇರಲಿಲ್ಲ ನೋಡಿ, ನಾಲಿಗೆ ತಾನೇ ಸೇರಿಸಿತು. ಕೂಡಲೇ ಅವರು ಜಾಗ ಮಾಡಿಕೊಟ್ಟರು. ಒಡುವೋರ್ ಮೂರು ಹ್ಯಾಂಡ್‌ಗಾರ್ಡ್ ತಂದು ಮೇಜಿನ ಮೇಲಿಟ್ಟ. ಪ್ಲಾಸ್ಟಿಕ್ಕಿನದನ್ನು ನಾನು ಎತ್ತಿ, ಅಚ್ಚಿನ ಎರಡು ಭಾಗ ಸೇರಿದ ಗೆರೆಯನ್ನು ಉಗುರಿನಿಂದ ಕೆರೆದು, ಮುಖ ಸಿಂಡರಿಸಿ ಪಕ್ಕಕ್ಕಿಟ್ಟೆ. ದಿನವಿಡೀ ಅದರಲ್ಲೇ ಇರುವವನಿಗೆ ಪ್ಲಾಸ್ಟಿಕ್ಕಿನ ಮೇಲೆ ಗೌರವ ಬರುವುದು ಕಷ್ಟ. ಮರದ್ದು ನೋಡಲು ಚೆಂದ, ಆದರೆ ಪಟ್ಟಿಯಲ್ಲಿ ಅಂಕ ಕಡಿಮೆ. ಅಲ್ಯೂಮಿನಿಯಮ್ಮಿನದು ದಪ್ಪನಾಗಿ, ಉದ್ದಕ್ಕೂ ಕಿಂಡಿಗಳಿದ್ದು, ಗಂಭೀರವಾಗಿತ್ತು. ಒಡುವೋರ್, "ಕೈ ಕೊಡಿ ಬಾಸ್, ಕೈಗೆ ಕೂರುವುದೇ ಮುಖ್ಯ" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಸುತ್ತಲೂ ಮಡಿಸಿ ನೋಡಿದ. "ಸವಾ! ಸರಿಹೋಯಿತು, ನಿಮಗೇ ಮಾಡಿಸಿದ ಹಾಗಿದೆ" ಎಂದ. ಬೂಟಿನವರೂ ತಲೆಯಾಡಿಸಿದರು. ನಾನು ಅಸಾಂಟೆ ಎಂದು ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿ, ಎದೆ ಉಬ್ಬಿಸಿಕೊಂಡು ಮೆಟ್ಟಿಲಿಳಿದೆ.

ಶನಿವಾರ ಬೆಳಿಗ್ಗೆ ವಸುಧಾ ಬಂದೂಕನ್ನು ಪೆಟ್ಟಿಗೆಯಿಂದ ತೆಗೆದು, ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಮುಂದಿನ ತಿರುಪು ಬಿಚ್ಚಿ ಹೊಸ ಹ್ಯಾಂಡ್‌ಗಾರ್ಡನ್ನು ತಾನೇ ಹಾಕಿದಳು. ನಾನು ಪಕ್ಕದಲ್ಲಿ ನಿಂತು ಶಾಖದ ಬಗ್ಗೆ ವಿವರಿಸುತ್ತಿದ್ದೆ. ಅವಳು ಎತ್ತಿ ಹಿಡಿದು ನೋಡಿದಳು. ಅವಳ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ನಡುವೆ ಮೂರು ಬೆರಳಷ್ಟು ಅಂತರ. ಕಲ್ಲಂಗಡಿ ಹಣ್ಣು ಹಿಡಿದ ಹಾಗಿತ್ತು.

"ರೀ, ಇದನ್ನ ಯಾರ ಕೈಗೆ ಅಂತ ತಂದ್ರಿ?"

"ಇದು ಸ್ಟ್ಯಾಂಡರ್ಡ್ ಸೈಜು ವಸುಧಾ. ಸ್ವಲ್ಪ ದಿನ ಹಿಡಿದರೆ ಅಭ್ಯಾಸ ಆಗುತ್ತೆ."

"ಕೈ ಬೆಳೆಯುತ್ತಾ ಅಭ್ಯಾಸ ಆದ್ರೆ?" ಎಂದು ಅವಳು ಡಬ್ಬಿಯ ಮೇಲಿದ್ದ ಅಂಗಡಿಯ ನಂಬರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ನನ್ನ ಗಂಡ ತಂದ ಹ್ಯಾಂಡ್‌ಗಾರ್ಡ್ ದಪ್ಪವಾಗಿದೆ, ಬದಲಾಯಿಸಿ ಕೊಡುತ್ತೀರಾ ಎಂದು ಕೇಳಿದಳು. ಆ ಕಡೆಯಿಂದ ಒಡುವೋರ್ ನಿಧಾನವಾಗಿ ಹೇಳಿದ: "ದಪ್ಪವೇ? ಮೇಡಂ, ನಿಮ್ಮ ಯಜಮಾನರು ಅವರ ಗನ್ನಿಗೆ ತಾನೇ ತೆಗೆದುಕೊಂಡದ್ದು? ಎಷ್ಟೋ ವರ್ಷದಿಂದ ಶೂಟ್ ಮಾಡುತ್ತಾರಂತಲ್ಲ. ಅವರ ಕೈಗೆ ನಾನೇ ಹಿಡಿಸಿ ನೋಡಿದೆ."

ಮಗಳು ಸೋಫಾದಿಂದ ತಲೆಯೆತ್ತಿ, "ಅಪ್ಪಾ! ಸೀರಿಯಸ್ಲಿ?" ಎಂದಳು. ವಸುಧಾ ಫೋನ್ ಇಟ್ಟು ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ನನ್ನದು ಅಂತ ಹೇಳೋಕೆ ಅಷ್ಟೊಂದು ಕಷ್ಟ ಆಯ್ತಾ?" ಎಂದು ಮೆಲ್ಲಗೆ ಕೇಳಿದಳು. ಹೌದು, ಕಷ್ಟವಾಯಿತು ಎಂದೆ. ಅಲ್ಲಿ ಇಬ್ಬರು ದೊಡ್ಡ ಬೂಟು ಹಾಕಿಕೊಂಡು ಕೂತಿದ್ದರು ಎಂದೂ ಹೇಳಿದೆ. ಹೇಳುವಾಗಲೇ ಅದು ಎಷ್ಟು ಪೆದ್ದು ಮಾತು ಎಂದು ತಿಳಿಯುತ್ತಿತ್ತು. ಯುಗಾದಿಯ ದಿನ ಆಡಿದ್ದೂ ತಪ್ಪು, ಅದಕ್ಕೂ ಬೇಜಾರಿದೆ ಎಂದೆ. ಎರಡು ವರ್ಷದಿಂದ ಗಂಟಲಲ್ಲಿದ್ದದ್ದು ಅವತ್ತು ಬೇರೆ ತಪ್ಪಿನ ಬೆನ್ನು ಹಿಡಿದು ಹೊರಗೆ ಬಂತು. ಅವಳು ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, "ಅಳತೆ ತಗೊಳ್ಳಿ" ಎಂದಳು.

ನಾನು ಕಾರ್ಖಾನೆಯ ಚೀಲದಿಂದ ವರ್ನಿಯರ್ ಕ್ಯಾಲಿಪರ್ ತಂದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದೂ ಅವಳ ಬಳೆಯ ಸೈಜು ನನಗೆ ಗೊತ್ತಿಲ್ಲ. ಅಂಗೈ ಅಗಲ ಬರೆದುಕೊಂಡೆ, ಹೆಬ್ಬೆರಳಿಂದ ನಡುಬೆರಳಿಗೆ ಎಷ್ಟು ಎಂದು ಬರೆದುಕೊಂಡೆ. ತೋರುಬೆರಳಿನ ಬುಡದಲ್ಲಿ ನುಣ್ಣಗೆ ಹೊಳೆಯುವ ಒಂದು ಕಲೆಯಿತ್ತು. "ಇದೇನು?" ಎಂದೆ. "ನಳಿಗೆ ತಾಗಿದ್ದು. ಹೋದ ವರ್ಷ. ಎರಡು ವಾರ ಆ ಕೈಗೆ ಬ್ಯಾಂಡೇಜ್ ಇತ್ತಲ್ಲ" ಎಂದಳು. ಬ್ಯಾಂಡೇಜ್ ನನಗೆ ನೆನಪಿತ್ತು, ಒಗ್ಗರಣೆ ಸಿಡಿದಿರಬೇಕು ಎಂದುಕೊಂಡು ನಾನು ಕೇಳಿಯೇ ಇರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕ್ಯಾಲಿಪರ್ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೇ ಕೂತೆ. "ಅಳತೆ ಮುಗೀತಾ?" ಎಂದು ಕೇಳಿದಳು. ಮುಗಿದಿಲ್ಲ ಎಂದೆ.

ಸೋಮವಾರ ಮತ್ತೆ ಆ ಎರಡನೇ ಮಹಡಿ ಹತ್ತಿದೆ. ಅಂಗಡಿಯಲ್ಲಿ ಅವತ್ತೂ ಮೂವರು ಗಿರಾಕಿಗಳು. ನಾನು ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ, ಗನ್ ನನ್ನ ಹೆಂಡತಿಯದು, ನಾನು ಜೀವಮಾನದಲ್ಲಿ ಒಂದು ಗುಂಡೂ ಹೊಡೆದವನಲ್ಲ, ಇದು ಅವಳ ಕೈಯ ಅಳತೆ ಎಂದೆ. ಯಾರೂ ನಗಲಿಲ್ಲ. ಒಡುವೋರ್ ಚೀಟಿ ನೋಡಿ, "ಈ ತಿಂಗಳಲ್ಲಿ ಹೀಗೆ ವಾಪಸ್ ಬಂದ ಗಂಡಂದಿರಲ್ಲಿ ನೀವು ಮೂರನೆಯವರು ಬಾಸ್" ಎಂದಷ್ಟೇ ಹೇಳಿ ಒಳಗೆ ಹೋದ. ಅಳತೆಗೆ ಸರಿಯಾಗಿ ಕೂತದ್ದು ಯಾವುದು ಅಂತೀರಿ? ನಾನು ಮುಖ ಸಿಂಡರಿಸಿದ್ದ ಅದೇ ಪ್ಲಾಸ್ಟಿಕ್ಕಿನದು. ಸಣ್ಣ ಮೈ, ಒರಟು ಮೇಲ್ಮೈ, ಕೈ ಮುಂದಕ್ಕೆ ಜಾರದ ಹಾಗೆ ತುದಿಯಲ್ಲೊಂದು ಏರು. ವಸುಧಾ ಹಾಕಿ ಹಿಡಿದು ನೋಡಿ, ಬೆರಳುಗಳನ್ನು ಎರಡು ಸಲ ಬಿಚ್ಚಿ ಮಡಚಿ, ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟಳು. ಪಂದ್ಯದ ಹಿಂದಿನ ದಿನ ಸಂಜೆ ಅಡುಗೆಮನೆಯಿಂದ, "ನಾಳೆ ಆರೂವರೆಗೆ ರೆಡಿ ಇರಿ. ಕಾಫಿ ಫ್ಲಾಸ್ಕು ನಿಮ್ಮ ಜವಾಬ್ದಾರಿ" ಎಂದಳು. ನಾನು ಐದಕ್ಕೇ ಎದ್ದು ಶೂ ಹಾಕಿಕೊಂಡು ಕೂತಿದ್ದೆ.

ಕಲ್ಲುಗಣಿಯಲ್ಲಿ ಒಳ್ಳೆಯ ಬಿಸಿಲಿತ್ತು. ಎನ್ಜೇರಿಯವರು ಗಡಿಯಾರ ಹಿಡಿದು ನಿಂತಿದ್ದರು. ವಸುಧಾಳ ಸರದಿಗೆ ಇನ್ನು ಇಬ್ಬರಿದ್ದಾಗ, ನನ್ನ ಪಕ್ಕದ ಕುರ್ಚಿಗೆ ಒಬ್ಬ ಹೊಸ ಮೆಂಬರ್ ಬಂದು ಕೂತ. ಔಷಧಿ ಕಂಪನಿಯ ಮ್ಯಾನೇಜರಂತೆ. ಸಾಲಿನಲ್ಲಿ ನಿಂತ ವಸುಧಾಳ ಕಡೆ ಕೈ ತೋರಿಸಿ, "ಆ ಮೇಡಂ ಗನ್ನಿಗಿರುವ ಹ್ಯಾಂಡ್‌ಗಾರ್ಡ್ ಚೆನ್ನಾಗಿದೆಯಲ್ಲ, ಎಲ್ಲಿ ಸಿಗುತ್ತದೆ?" ಎಂದು ಕೇಳಿದ. ಕಿವಿಯ ಮುಚ್ಚಳ ಸರಿಸಿ, "ಆಕೆ ನನ್ನ ಹೆಂಡತಿ. ಗನ್ ಅವಳದೇ" ಎಂದು ಗಟ್ಟಿಯಾಗಿ ಹೇಳಿದೆ. ಹೇಳಿ ಎಷ್ಟು ಹಗುರವಾಯಿತೆಂದರೆ, "ಆರಿಸಿದ್ದು ನಾನು" ಎಂದೂ ಸೇರಿಸಿದೆ. ಹೌದಾ ಸಾರ್, ಸ್ವಲ್ಪ ವಿವರವಾಗಿ ಹೇಳಿ ಎಂದ ಆತ. ಸಲಹೆ ಕೇಳಿದವರನ್ನು ನಿರಾಶೆಗೊಳಿಸುವುದು ನನ್ನಿಂದಾಗದು. ಮೊದಲು ಮರ, ಆಮೇಲೆ ಅಲ್ಯೂಮಿನಿಯಂ, ಶಾಖ, ತೂಕ, ಕೈಯ ಅಳತೆ ತೆಗೆಯುವ ಸರಿಯಾದ ಕ್ರಮ ಎಲ್ಲವನ್ನೂ ಹೇಳಿದೆ. ಆತ ಬರೆದುಕೊಳ್ಳುತ್ತಿದ್ದ. ಹಿಂದೆ ಎಲ್ಲೋ ಢಂ ಢಂ ಎನ್ನುತ್ತಿತ್ತು, ನಾನು ದನಿ ಏರಿಸಿದೆ. ಪ್ಲಾಸ್ಟಿಕ್ಕಿನ ಬಗ್ಗೆ ಜನರಲ್ಲಿರುವ ತಪ್ಪು ಅಭಿಪ್ರಾಯಕ್ಕೆ ಬರುವ ಹೊತ್ತಿಗೆ ನನ್ನ ಮೇಲೆ ನೆರಳು ಬಿತ್ತು.

ವಸುಧಾ ನಿಂತಿದ್ದಳು. ಮುಖವೆಲ್ಲ ಬೆವರು, ಟೋಪಿಯಿಂದ ಕೂದಲು ಆಚೆ ಬಂದಿತ್ತು, ಕಣ್ಣಲ್ಲಿ ಸಣ್ಣ ಹುಡುಗಿಯ ಖುಷಿ. ಕೈಯಲ್ಲಿ ಅಂಕದ ಚೀಟಿ ಮಡಚಿ ಹಿಡಿದಿದ್ದಳು.

"ಹೇಗಿತ್ತು ರೀ?"

"ಅದ್ಭುತ! ಹಿಡಿತವಂತೂ ಒಂಚೂರೂ ಅಲುಗಲಿಲ್ಲ" ಎಂದೆ.

"ಹೌದಾ?" ಎಂದು ಅವಳು ಚೀಟಿಯನ್ನು ಬೆನ್ನ ಹಿಂದೆ ಮರೆಮಾಡಿ ನನ್ನನ್ನೇ ನೋಡಿದಳು. "ಹಾಗಾದ್ರೆ ಹೇಳಿ ನೋಡೋಣ, ಎಷ್ಟು ತಟ್ಟೆ ಬಿತ್ತು?"

ಔಷಧಿ ಕಂಪನಿಯವನು ಪೆನ್ನು ಹಿಡಿದು, ಅದನ್ನೂ ಬರೆದುಕೊಳ್ಳಲು ನನ್ನ ಮುಖ ನೋಡುತ್ತಿದ್ದ.